ಸಹಾಯ ಬೇಕು: ಮರುಕಳಿಸುವ ಹೊಟ್ಟೆನೋವಿಗೆ ನರಸಂಬಂಧಿ ಕಾರಣವಿರಬಹುದೇ?

ಮಾನ್ಯ ಸದಸ್ಯರಲ್ಲಿ ವಿನಂತಿ. ಸಕಲೇಶಪುರದಲ್ಲಿರುವ ನನ್ನ ತಂಗಿಯ ಮಗಳಿಗೆ ಈಗ 14 ವರ್ಷ. ಆಗಾಗ ಅವಳಿಗೆ ಹೊಕ್ಕುಳ ಸುತ್ತ ತೀವ್ರವಾದ ನೋವು ಕಾಣಿಸಿಕೊಂಡು, ವಾಂತಿಯಾಗಿ, ಮುಖ ಬಿಳಿಚಿಕೊಳ್ಳುತ್ತದೆ. ಕೆಲವು ಗಂಟೆಗಳ ನಂತರ ತಾನಾಗಿಯೇ ಇಳಿಯುತ್ತದೆ. ನಡುವಿನ ದಿನಗಳಲ್ಲಿ ಅವಳು ಸಂಪೂರ್ಣ ಆರೋಗ್ಯವಾಗಿರುತ್ತಾಳೆ. ಹಾಸನದಲ್ಲಿ ಮಾಡಿಸಿದ ಸ್ಕ್ಯಾನಿಂಗ್, ಎಂಡೋಸ್ಕೋಪಿಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಶಾಲೆ ತಪ್ಪಿಸಲು ಹೂಡಿದ ನೆಪ ಎಂದವರೂ ಇದ್ದಾರೆ, ಆ ಮಾತು ಮಗುವನ್ನು ಬಹಳ ನೋಯಿಸಿದೆ.

ತಂಗಿಗೆ ಅರೆತಲೆನೋವು (ಮೈಗ್ರೇನ್) ಇರುವುದರಿಂದ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ತಲೆಯ ಬದಲು ಹೊಟ್ಟೆಯಲ್ಲಿ ನೋವು ತರುವ ಹೊಟ್ಟೆಯ ಮೈಗ್ರೇನ್ ಇರಬಹುದೆಂದು ವೈದ್ಯರು ಶಂಕಿಸಿದ್ದಾರೆ. ಅತಿ ವಿರಳವಾದ ಹೊಟ್ಟೆಯ ಅಪಸ್ಮಾರವನ್ನು (ಹೊಟ್ಟೆನೋವಾಗಿ ಕಾಣಿಸಿಕೊಳ್ಳುವ ಮೂರ್ಛೆರೋಗ) ಪರಿಶೀಲಿಸಲು ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಪರೀಕ್ಷೆಯನ್ನೂ ಸೂಚಿಸಿದ್ದಾರೆ. ನನ್ನ ಆತಂಕವಿರುವುದು ಪಾರ್ಫೈರಿಯಾದ ಬಗ್ಗೆ: ನರಗಳನ್ನು ಬಾಧಿಸಿ ಹೊಟ್ಟೆನೋವು ತರುವ ಈ ಆನುವಂಶಿಕ ಕಾಯಿಲೆಯನ್ನು ಫೆನಿಟಾಯಿನ್, ಫಿನೋಬಾರ್ಬಿಟೋನ್‌ನಂತಹ ಅಪಸ್ಮಾರದ ಔಷಧಗಳೇ ಕೆರಳಿಸಬಲ್ಲವಾದ್ದರಿಂದ, ಅಂತಹ ಚಿಕಿತ್ಸೆ ಆರಂಭಿಸುವ ಮೊದಲೇ ಅದನ್ನು ಪರೀಕ್ಷಿಸುವುದು ಅಗತ್ಯವೆಂದು ನನಗನಿಸುತ್ತದೆ.

ನೋವಿರುವಾಗಲೇ ಮೂತ್ರದ ಮಾದರಿ ಪಡೆದು, ಬೆಳಕು ತಾಗದಂತೆ ಕಾಪಾಡಿ, ಪಾರ್ಫೈರಿಯಾ ಪತ್ತೆಹಚ್ಚಲು ಮೂತ್ರದಲ್ಲಿ ಅಳೆಯುವ ಪಾರ್ಫೋಬಿಲಿನೋಜನ್ ಎಂಬ ವಸ್ತುವಿನ ಪರೀಕ್ಷೆಗೆ ಕಳುಹಿಸುವ ಪ್ರಯೋಗಾಲಯ ಹಾಸನ ಅಥವಾ ಚಿಕ್ಕಮಗಳೂರಿನಲ್ಲಿದೆಯೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ನರರೋಗ ತಜ್ಞರನ್ನು ಕಾಣಲು ಇಲ್ಲಿಂದ ಶಿಫಾರಸು ಪತ್ರ ಒಯ್ಯಬೇಕೇ? ಔಷಧದ ಸಲಹೆ ಬೇಡ. ಇಂತಹ ಮಗುವನ್ನು ನೋಡಿಕೊಂಡ ತಂದೆತಾಯಿಯರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು.