ಚಿಕ್ಕಮ್ಮನ ಫೋನ್‌ಗೆ ಹೊಸ ಬ್ಯಾಟರಿ ಈಗಲೇ ಬೇಡ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಈಗ ನೋಡಿದೆ. ಫೋನ್ ಬಟ್ಟೆ ನೆನೆಸಿದ್ದ ಬಕೆಟ್‌ಗೆ ಬಿತ್ತು, ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟಿರಿ, ಈಗ ಆನ್ ಆಗುತ್ತೆ ಆದರೆ ಚಾರ್ಜ್ ನಿಲ್ಲುತ್ತಿಲ್ಲ. ಪುಟ್ಟ ಹೊಸ ಬ್ಯಾಟರಿ ಆರ್ಡರ್ ಮಾಡಲು ಹೊರಟಿದ್ದಾನೆ. ಇಷ್ಟೇ ಅಲ್ವಾ? ಪುಟ್ಟಾ, ಒಂದು ದಿನ ಸುಮ್ನೆ ಇರಪ್ಪ. ತಪ್ಪು ಬ್ಯಾಟರಿಯದೇ ಅಂತ ಇನ್ನೂ ಗೊತ್ತಾಗಿಲ್ಲ.

ನಾನೂ ಹೀಗೇ ದುಡ್ಡು ಕಳೆದುಕೊಂಡವನು. ಹೋದ ಮಳೆಗಾಲ ಆಗುಂಬೆ ಘಾಟಿಯಲ್ಲಿ ರೇನ್‌ಕೋಟ್ ಜೇಬಿನೊಳಗೇ ಫೋನ್ ತೊಯ್ದು ಹೋಯಿತು. 1400 ರೂಪಾಯಿ ಕೊಟ್ಟು ಬ್ಯಾಟರಿ ಹಾಕಿಸಿದೆ. ನಾಲ್ಕೇ ದಿನ, ಮತ್ತೆ ಅದೇ ಕತೆ. ಆಮೇಲೆ ಶಿವಮೊಗ್ಗದಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಬ್ಯಾಟರಿ ಬಿಚ್ಚಿಟ್ಟು, ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿಗೆ ಬೇರೆ ಪವರ್ ಸಪ್ಲೈ ಕೊಟ್ಟರು. ಸ್ವಿಚ್ ಒತ್ತಿಲ್ಲ, ಫೋನ್ ಆಫ್. ಮೀಟರ್ ಸೊನ್ನೆ ತೋರಿಸಬೇಕಿತ್ತು, 90 ಮಿಲಿಆಂಪ್ ತೋರಿಸಿತು! ಹತ್ತು ಗಂಟೆ ಕರೆಂಟ್ ಹೀಗೇ ಸೋರಿದರೆ 900 ಮಿಲಿಆಂಪ್-ಅವರ್. ನನ್ನ ಬ್ಯಾಟರಿ 4000ದ್ದು. ಮಲಗಿ ಏಳುವಷ್ಟರಲ್ಲಿ ಕಾಲು ಭಾಗ ಹತ್ತಿರ ಮಾಯ. ತಳ ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ.

ಸೋರುವ ಜಾಗ ಹುಡುಕಿದ್ದು ಇನ್ನೂ ಮಜಾ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನೋ ಬೇಗ ಆರುವ ದ್ರವ ಹಚ್ಚಿದರು. ಎಲ್ಲ ಕಡೆ ಒದ್ದೆ ಇದ್ದಾಗ ಒಂದು ಚುಕ್ಕೆ ಮಾತ್ರ ಬೇಗ ಒಣಗಿತು. ಅಲ್ಲಿ ರಾಗಿ ಕಾಳಿಗಿಂತ ಚಿಕ್ಕದೊಂದು ಕೆಪಾಸಿಟರ್ (ಸ್ವಲ್ಪ ವಿದ್ಯುತ್ ಹಿಡಿದಿಡುವ ಬಿಡಿಭಾಗ) ಬಿಸಿಯಾಗುತ್ತಿತ್ತು, ಸುತ್ತ ಹಸಿರು ಪುಡಿ ಕಟ್ಟಿತ್ತು. ಅದನ್ನು ಕಿತ್ತು ಬ್ರಷ್ ಹಾಕಿ ತೊಳೆದರು, ಮೀಟರ್ ಸೊನ್ನೆಗೆ ಇಳಿಯಿತು.

ನಿಮ್ಮದು ಸೋಪಿನ ನೀರು ಬೇರೆ. ನೀರು ಒಣಗಿದರೂ ಅದರಲ್ಲಿದ್ದ ಉಪ್ಪು ಬೋರ್ಡಿನ ಮೇಲೇ ಉಳಿಯುತ್ತದೆ, ಕರೆಂಟ್ ಹರಿದಂತೆಲ್ಲ ತಾಮ್ರ ತಿನ್ನುತ್ತದೆ. ಅಕ್ಕಿ ಅದನ್ನೇನೂ ಎಳೆದುಕೊಳ್ಳುವುದಿಲ್ಲ.

ಮೊದಲು ಫೋನನ್ನು ಟೇಬಲ್ ಮೇಲೆ ಮಲಗಿಸಿ ನೋಡಿ. ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಎದ್ದಿದ್ದರೆ, ಬೇರೆ ಮಾತೇ ಇಲ್ಲ, ಚಾರ್ಜ್ ಹಾಕಬೇಡಿ, ಒತ್ತಬೇಡಿ, ನೇರ ಅಂಗಡಿಗೆ ಕೊಡಿ. ಉಬ್ಬಿಲ್ಲದಿದ್ದರೆ ಇವತ್ತು ರಾತ್ರಿ ಎಷ್ಟು ಪರ್ಸೆಂಟ್ ಇದೆ ಬರೆದಿಟ್ಟು ಪೂರ್ತಿ ಆಫ್ ಮಾಡಿ. ಚಾರ್ಜರ್ ಬೇಡ. ದಿಂಬಿನ ಪಕ್ಕವೂ ಬೇಡ, ಅಡುಗೆಮನೆ ಕಲ್ಲಿನ ಮೇಲೆ ಇಡಿ. ಬೆಳಿಗ್ಗೆ ಒಂದೆರಡು ಪರ್ಸೆಂಟ್ ಇಳಿದಿದ್ದರೆ ಪರವಾಗಿಲ್ಲ. ಇಪ್ಪತ್ತು ಇಳಿದಿದ್ದರೆ ಬೋರ್ಡ್ ಸೋರುತ್ತಿರುವ ಅನುಮಾನ ಜಾಸ್ತಿ. ಆಫ್ ಇದ್ದಾಗ ಇಳಿಯದೆ, ಕ್ಯಾಮೆರಾ ತೆಗೆದ ಕೂಡಲೇ 40ರಲ್ಲೇ ಆಫ್ ಆಗಿಬಿಟ್ಟರೆ, ಆಗ ಬ್ಯಾಟರಿ ಮೇಲೆ ಅಥವಾ ಅದರ ಕನೆಕ್ಟರ್ ಮೇಲೆ ಅನುಮಾನ ಪಡೋಣ.

ಅಂಗಡಿಯಲ್ಲೂ ಒಂದು ಮಾತು ಹೇಳಿ, ಬ್ಯಾಟರಿ ಬಿಚ್ಚಿ ಮೀಟರ್ ಹಿಡಿಯಲಿ, ಮಾರನೇ ದಿನ ಮತ್ತೆ ಹಿಡಿಯಲಿ. ಫೋನೊಳಗೆ ರಾತ್ರಿ ಇಳಿಯುತ್ತಿದ್ದ ಬ್ಯಾಟರಿ, ಬಿಚ್ಚಿಟ್ಟಾಗ 4 ವೋಲ್ಟ್ ಇದ್ದದ್ದು ಹಾಗೇ ಇದ್ದರೆ, ರಾತ್ರಿ ಚಾರ್ಜ್ ತಿನ್ನುತ್ತಿರುವುದು ಬೋರ್ಡೇ.

ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಚಿಕ್ಕಪ್ಪನ ಫೋನಿಂದ ಇಲ್ಲೇ ಹಾಕಿ. ಮತ್ತೆ ಆ ಅಕ್ಕಿ ಅನ್ನಕ್ಕೆ ಹಾಕಬೇಡಿ ಚಿಕ್ಕಮ್ಮಾ, ಸೋಪಿನ ನೀರು ಕುಡಿದಿದೆ.