ಸುವೊನ್ ಕೋಟೆಗೆ ಒಂದು ದಿನ ಇಡಿ

ದಕ್ಷಿಣ ಕೊರಿಯಾದ ಸಿಯೋಲ್‌ಗೆ ಹೋದಾಗ ಹತ್ತಿರದ ಸುವೊನ್ ಊರಿನ ಕೋಟೆ ನೋಡಬೇಕಾ ಅಂತ ಪುಟ್ಟಿ ಕೇಳಿದ್ದಳಲ್ಲ. ‘ಅದು 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಹಳೇದೇನಿದೆ ಅಲ್ಲಿ’ ಅಂತ ಮಾವ ಬರೆದಿದ್ದಾರೆ. ಮತ್ತೆ ಕಟ್ಟಿದ್ದು ನಿಜ ಮಾವ. ಆದರೆ ಅದು ಹೇಗೆ ಸಾಧ್ಯವಾಯಿತು ಅಂತ ಕೇಳಿ.

ಜೊಂಗ್‌ಜೊ ಅಂತ ಕೊರಿಯಾ ಆಳಿದ ಜೊಸೊನ್ ವಂಶದ ರಾಜ. ಅವನು ಚಿಕ್ಕ ಹುಡುಗನಿದ್ದಾಗ, 1762ರಲ್ಲಿ, ಅವನ ತಾತನೇ ಅವನ ಅಪ್ಪನನ್ನು ಅಕ್ಕಿ ಪೆಟ್ಟಿಗೆಯಲ್ಲಿ ಕೂಡಿಹಾಕಿಸಿದ. ಎಂಟು ದಿನಕ್ಕೆ ಜೀವ ಹೋಯಿತು. ಮಗ ಪಟ್ಟಕ್ಕೆ ಬಂದ ಮೇಲೆ, 1789ರಲ್ಲಿ, ಅಪ್ಪನ ಸಮಾಧಿಯನ್ನು ಸುವೊನ್ ಕಡೆಗೆ ತಂದ. ಅಲ್ಲಿದ್ದ ಊರನ್ನು ಈಗಿನ ಜಾಗಕ್ಕೆ ಸಾಗಿಸಿದ. ಆಮೇಲೆ ಅದರ ಸುತ್ತ ಹ್ವಾಸೊಂಗ್ ಕೋಟೆ ಎದ್ದಿತು. ಸುತ್ತಳತೆ ಸುಮಾರು 5.7 ಕಿಲೋಮೀಟರ್. 1794ರಲ್ಲಿ ಶುರು, 1796ಕ್ಕೆ ಮುಗಿಯಿತು.

ಇಷ್ಟು ಬೇಗ ಹೇಗೆ? ಜೊಂಗ್ ಯಾಕ್‌ಯೊಂಗ್ ಅನ್ನೋ ವಿದ್ವಾಂಸ ಕಲ್ಲೆತ್ತೋ ಯಂತ್ರ ಮಾಡಿಕೊಟ್ಟ. ಮೇಲೆ ನಾಲ್ಕು ರಾಟೆ, ಕೆಳಗೆ ನಾಲ್ಕು. ಕೆಲವೇ ಜನ ಹಗ್ಗ ಸುತ್ತಿದರೆ ಭಾರೀ ಕಲ್ಲು ಮೇಲೇಳುತ್ತಿತ್ತು. ಜೊತೆಗೆ, ಬಿಟ್ಟಿ ದುಡಿಸಿಕೊಳ್ಳಲಿಲ್ಲ, ಕೂಲಿ ಕೊಟ್ಟರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಯಾವ ಕಲ್ಲುಕುಟಿಗ ಎಷ್ಟು ದಿನ ದುಡಿದ, ಎಷ್ಟು ಕೂಲಿ ಪಡೆದ, ಎಲ್ಲವನ್ನೂ ಹೆಸರು ಸಮೇತ ಬರೆದಿಟ್ಟರು. ಕಟ್ಟಡಗಳ ಚಿತ್ರ, ಸಾಮಾನಿನ ಲೆಕ್ಕ ಎಲ್ಲಾ ಸೇರಿಸಿ 1801ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಯಾವ ರಾಜ ಕೂಲಿಯವನ ಹೆಸರು ಬರೆಸುತ್ತಾನೆ ಹೇಳಿ!

ಕೊರಿಯಾ ಯುದ್ಧದಲ್ಲಿ ಕೋಟೆಗೆ ತುಂಬಾ ಪೆಟ್ಟು ಬಿತ್ತು. ಉತ್ತರದ ಜಾಂಗಾನ್‌ಮುನ್ ಬಾಗಿಲಿನ ಮೇಲಿದ್ದ ಮರದ ಮಂಟಪವೇ ಹೋಯಿತು. 1970ರ ದಶಕದಲ್ಲಿ ಈ ಪುಸ್ತಕ ನೋಡಿಕೊಂಡೇ ರಿಪೇರಿ ಮಾಡಿದರು. ಸುಮ್ನೆ ಅಂದಾಜಿನ ಮೇಲೆ ಕಟ್ಟಿದ್ದಲ್ಲ. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ದಕ್ಷಿಣದ ಪಲ್ದಾಲ್‌ಮುನ್ ಬಾಗಿಲಂತೂ ಹಳೆಯದೇ. ಅದರ ಎರಡೂ ಕಡೆಯ ಗೋಡೆ ಹೋಗಿ ಈಗ ರಸ್ತೆ, ಮಾರ್ಕೆಟ್ಟು. ಟ್ರಾಫಿಕ್ ನಡುವೆ ಬಾಗಿಲೊಂದೇ ನಿಂತಿದೆ.

ಪುಟ್ಟಿ, ಸಿಯೋಲ್‌ನಿಂದ ಒಂದನೇ ಲೈನ್ ಟ್ರೈನ್ ಹತ್ತಿ, ಸುಮಾರು ಒಂದು ಗಂಟೆ. ಗೋಡೆ ಇರುವಷ್ಟೂ ದೂರ ಅದರ ಮೇಲೇ ಸುತ್ತು ಹಾಕಿ. ಹ್ವಾಹೊಂಗ್‌ಮುನ್ ಬಾಗಿಲಿನ ಹತ್ತಿರ ಹೊಳೆ ಏಳು ಕಮಾನಿನ ಕೆಳಗೆ ಹಾದುಹೋಗುತ್ತದೆ, ಅಲ್ಲಿ ಆತುರ ಮಾಡಬೇಡಿ. ಪಲ್ದಾಲ್ ಬೆಟ್ಟದ ಕಡೆ ಮೆಟ್ಟಿಲು ಜಾಸ್ತಿ, ಅಮ್ಮನಿಗೆ ಒಳ್ಳೆ ಶೂ ಹಾಕಿಸಿ.