ಪದಚರ್ಚೆ: ಸಿ ಭಾಷೆಯಲ್ಲಿ ‘ಚಾರ್’ ಸರಿಯೋ, ‘ಕ್ಯಾರ್’ ಸರಿಯೋ?

ಎಲ್ಲರಿಗೂ ನಮಸ್ಕಾರ.

ಕಾರವಾರದ ಡಿಪ್ಲೊಮಾ ಹುಡುಗರಿಗಾಗಿ ಸಿ ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಅಕ್ಷರವನ್ನು ಹಿಡಿದಿಡುವ ಬಗೆಗೆ ಸಿ ಭಾಷೆಯಲ್ಲಿ ‘ಕ್ಯಾರಕ್ಟರ್’ ಅನ್ನುವುದನ್ನು ಮೊಟಕು ಮಾಡಿ ಸಿ-ಎಚ್-ಎ-ಆರ್ ಅಂತ ಬರೆಯುತ್ತಾರಲ್ಲ, ಅದನ್ನು ಕನ್ನಡ ಅಕ್ಷರದಲ್ಲಿ ಹೇಗೆ ಬರೆಯೋಣ? ಚಾರ್, ಕಾರ್, ಕ್ಯಾರ್, ಕೇರ್ ಎಲ್ಲವೂ ಕಿವಿಗೆ ಬಿದ್ದಿವೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಲೆಬಿಸಿ ಇಲ್ಲ; ನಾಲ್ಕಕ್ಷರ ಒತ್ತಿ, ಬಾಯಿಗೆ ಬಂದಂತೆ ಓದಿಕೊಳ್ಳುತ್ತಾರೆ. ನಮ್ಮ ಲಿಪಿಯಲ್ಲಿ ಬರೆದ ಕೂಡಲೇ ಒಂದು ಉಚ್ಚಾರಕ್ಕೆ ರುಜು ಹಾಕಿದ ಹಾಗೆ.

ಅವರವರ ಇಂಗ್ಲಿಷಿಗೆ ಅವರವರದು ನ್ಯಾಯವೇ. ಅಮೆರಿಕದ ಬಹಳಷ್ಟು ಕಡೆ ಮ್ಯಾರಿ, ಮೆರಿ, ಮೇರಿ ಮೂರೂ ಒಂದೇ ಥರ ಕೇಳುತ್ತವೆ, ರಕಾರದ ಹಿಂದಿನ ಸ್ವರಗಳು ಅಲ್ಲಿ ಕೂಡಿಹೋಗಿವೆ. ಅವರ ಕ್ಯಾರಕ್ಟರು ‘ಕೆರಕ್ಟರ್’ಗೆ ಹತ್ತಿರ, ಹಾಗಾಗಿ ಅದರ ತುಂಡು ‘ಕೇರ್’. ಬ್ರಿಟಿಷರಲ್ಲಿ ‘ಆ್ಯ’ ಉಳಿದಿದೆ. ಆದರೆ ‘ಆ್ಯ’ ಆದಮೇಲೆ ರಕಾರದಲ್ಲೇ ಪದ ಮುಗಿಯುವುದು ಅವರ ನಾಲಿಗೆಗೆ ಒಗ್ಗದು. ಉಳಿಯುವುದು ‘ಕಾರ್’, ಇಲ್ಲವೇ ಬರೆದಂತೆ ಓದಿದರೆ ‘ಚಾರ್’. ಇಂಗ್ಲೆಂಡಿನ ದಕ್ಷಿಣದವರು ಕೊನೆಯ ರಕಾರವನ್ನೂ ನುಂಗಿ ‘ಚಾ’ ಅನ್ನುತ್ತಾರೆ. ಕಾರವಾರದಲ್ಲಿ ಹಾಗಂದರೆ ಎದುರಿಗೆ ಗ್ಲಾಸು ಬಂದೀತು. ಸಿ ಪ್ಲಸ್ ಪ್ಲಸ್ ಕಟ್ಟಿದ ಬ್ಯಾರ್ನ ಸ್ಟ್ರೌಸ್ಟ್ರುಪ್ ಅವರೂ, ಸಾಮಾನ್ಯವಾಗಿ ‘ಚಾರ್’ ಅನ್ನುತ್ತಾರೆ, ‘ಕಾರ್’ ಅಲ್ಲ ಎಂದು ಬರೆದಿದ್ದಾರೆ.

ಹಾಗಾದರೆ ‘ಚಾರ್’ ಅಂತಲೇ ಬರೆದು ಮುಗಿಸಬಹುದಿತ್ತು. ತೊಡಕು ಇರುವುದು ನಮ್ಮ ಕರಾವಳಿಯಲ್ಲಿ. ಮನೆಯಲ್ಲಿ ಕೊಂಕಣಿ ಆಡುವ ಹುಡುಗರಿಗೆ ‘ಚಾರ್’ ಅಂದರೆ ನಾಲ್ಕು. ಸಿ ಭಾಷೆಯಲ್ಲಿ ಚಾರ್‌ನ ಅಳತೆ 1 ಬೈಟು, ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ನಾಲ್ಕು ಬೈಟು ಹಿಡಿಯುವುದು ‘ಇಂಟ್’, ಅಂದರೆ ಪೂರ್ಣಾಂಕದ ಬಗೆ. ‘ಚಾರ್ ಒಂದು, ಇಂಟ್ ನಾಲ್ಕು’ ಅಂತ ಪಾಠದಲ್ಲಿ ಬರೆದು ನೋಡಿ, ಓದುವವನು ನಗದೆ ಮುಂದೆ ಹೋಗುವುದಿಲ್ಲ. ಘಟ್ಟದ ಮೇಲೆ ಶಿರಸಿಯವರಿಗೆ ಈ ಬಾಧೆ ಇಲ್ಲ. ಅಲ್ಲಿಯ ಗೆಳೆಯರೊಬ್ಬರು, “ಕ್ಯಾರಕ್ಟರಿನ ಕ್ಯಾರ್ ಅಲ್ದಾ ಮಾರಾಯಾ, ಇದ್ರಲ್ಲಿ ಕೇಳದೆಂತದು?” ಅಂದುಬಿಟ್ಟರು.

ನನಗೂ ‘ಕ್ಯಾರ್’ ಕಡೆಗೇ ಒಲವು. ಇಂಗ್ಲಿಷಿನ ನಾಲಿಗೆಗೆ ತೊಡಕಾದದ್ದು ಕನ್ನಡಕ್ಕೆ ತೊಡಕೇ ಅಲ್ಲ. ‘ಕ್ಯಾರೇ ಅನ್ನಲಿಲ್ಲ’ ಅಂತ ದಿನಾ ಹೇಳುವವರು ನಾವು. ಪೂರ್ತಿ ಪದದ ನೆನಪೂ ಉಳಿಯುತ್ತದೆ.

ಆದರೆ ‘ಪೂರ್ತಿ ಪದ ನೋಡಿ ಬರೆಯಿರಿ’ ಅನ್ನುವುದನ್ನೇ ನಿಯಮ ಮಾಡಿದರೆ ‘ಲೈಬ್ರರಿ’ಯ ತುಂಡು ‘ಲೈಬ್’ ಆಗಬೇಕು. ನಾನು ಕೇಳಿದ್ದೆಲ್ಲ ‘ಲಿಬ್’. ‘ವೇರಿಯಬಲ್’ನದು ‘ವೇರ್’ ಆಗಬೇಕು, ತರಗತಿಯಲ್ಲಿ ‘ವಾರ್’ ಓಡುತ್ತಿದೆ. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನದಂತೂ ತಿರುಗುಮುರುಗು: 1974ರಲ್ಲಿ ಐಬಿಎಂನಿಂದ ಬಂದಾಗ ಅದರ ಹೆಸರೇ ‘ಸೀಕ್ವೆಲ್’. ಆ ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಸ್ವರಗಳನ್ನು ಉದುರಿಸಿದರು, ಹಳೆಯ ಉಚ್ಚಾರ ಹಾಗೇ ಉಳಿಯಿತು. ಇಲ್ಲಿ ಎರಡನ್ನೂ ಒಪ್ಪಿಕೊಳ್ಳುವುದೇ ವಾಸಿ.

ಇನ್ನೊಂದು ಸಣ್ಣ ಸಂಶಯ. ನಮ್ಮ ‘ಜೆಡ್’ ಅಮೆರಿಕದವರಿಗೆ ‘ಝೀ’. ಜಿ-ಜೆಡ್ ಎಂದು ಮುಗಿಯುವ ಫೈಲಿನ ಹೆಸರನ್ನು ಅವರು ಫೋನಿನಲ್ಲಿ ಹೇಳಿದರೆ ನಮ್ಮ ಕಿವಿಗೆ ‘ಜೀ ಜೀ’. ಪಾಠದಲ್ಲಿ ‘ಜಿ-ಜೆಡ್’ ಅಂತಲೇ ಬರೆದಿದ್ದೇನೆ, ಆಕ್ಷೇಪ ಇದ್ದರೆ ಹೇಳಿ.

ಪಾಲಿಟೆಕ್ನಿಕ್‌ಗಳಲ್ಲಿ ಪಾಠ ಹೇಳುವವರು ಇಲ್ಲಿದ್ದೀರಿ. ಬೋರ್ಡಿನ ಮೇಲೆ ಬರೆದಾದ ಮೇಲೆ ಬಾಯಲ್ಲಿ ಏನನ್ನುತ್ತೀರಿ, ‘ಚಾರ್’ ಎಂದೋ ‘ಕ್ಯಾರ್’ ಎಂದೋ? ಹೊನ್ನಾವರ, ಭಟ್ಕಳದ ಕಡೆಯ ರೂಢಿ ಬೇರೆ ಇದ್ದರೆ ಅದನ್ನೂ ತಿಳಿಸಿ.